ಒದ್ದೆ ಹೆಜ್ಜೆಯ ಮಕ್ಕಳು

ನಮ್ಮ ಊರಿನಲ್ಲಿ ಯಾವ ಮಗುವೂ ದುಡಿಯುವುದಿಲ್ಲ. ಊರೊಳಗೆ ಬರುವ ದಾರಿಯಲ್ಲಿ ಹಾಗೆಂದು ಬೋರ್ಡೇ ಇದೆ. ನೀಲಿ ಬಣ್ಣದ ಮೇಲೆ ಬಿಳಿ ಅಕ್ಷರ. ಮಕ್ಕಳ ಇಲಾಖೆಯ ಸಾಹೇಬರು ಜೀಪಿನಲ್ಲಿ ಬಂದು ಹೋಟೆಲು, ಗ್ಯಾರೇಜು, ಇಟ್ಟಿಗೆ ಭಟ್ಟಿ, ಕಲ್ಲಿನ ಕ್ವಾರಿ ಎಲ್ಲ ಸುತ್ತಿದರು. ಲೋಟ ತೊಳೆಯುವ ಹುಡುಗ ಸಿಗಲಿಲ್ಲ, ಬುಟ್ಟಿ ಹೊರುವ ಹುಡುಗಿ ಸಿಗಲಿಲ್ಲ. ಆಮೇಲೆ ಮನೆಗಳಿಗೆ ಹೋದರು. ಹೋದಲ್ಲೆಲ್ಲ ಮಕ್ಕಳು ಚಾಪೆಯ ಮೇಲೆ ಮಲಗಿದ್ದರು. ಇಷ್ಟು ನೆಮ್ಮದಿಯಿಂದ ಮಲಗುವ ಮಕ್ಕಳನ್ನು ನಾನು ಯಾವ ಊರಿನಲ್ಲೂ ನೋಡಿಲ್ಲ ಎಂದು ಸಾಹೇಬರು ಹೇಳಿದರಂತೆ. ಆ ಮಾತಿನ ಬೆನ್ನಿಗೇ ಬೋರ್ಡು ಬಂತು.

ಬೋರ್ಡಿನಲ್ಲಿ ಒಂದಕ್ಷರ ಸುಳ್ಳಿಲ್ಲ. ನನ್ನ ಸಿಟ್ಟೇ ಅದು.

ನನ್ನನ್ನು ಊರವರು ಗಿರಣಿ ಫಕೀರವ್ವ ಅನ್ನುತ್ತಾರೆ. ಗಂಡ ಸತ್ತ ಮೇಲೆ ಹಿಟ್ಟಿನ ಗಿರಣಿಯನ್ನು ನಾನೇ ನಡೆಸುತ್ತಿದ್ದೇನೆ. ಇಡೀ ಊರಿಗೆ ಇರುವುದು ಇದೊಂದೇ ಗಿರಣಿ. ಶಾಲೆಗೆ ಹೋದವಳಲ್ಲ ನಾನು. ಆದರೆ ಪಾಳಿಗೆ ಕುಳಿತ ಹೆಂಗಸರ ಮಾತು ಕೇಳುತ್ತ ಕೂತರೆ ಯಾವ ಮನೆಯಲ್ಲಿ ಯಾರು ಉಣ್ಣುತ್ತಾರೆ, ಯಾರು ಉಪವಾಸ ಮಲಗುತ್ತಾರೆ ಎಂಬುದು ತಾನಾಗಿ ತಿಳಿಯುತ್ತದೆ.

ನಮ್ಮಲ್ಲಿ ದುಡಿದು ಬಂದವರು ಹೊಸ್ತಿಲ ಹೊರಗಿನ ಕಲ್ಲಿನ ಮೇಲೆ ಕಾಲು ತೊಳೆದು, ಒದ್ದೆ ಕಾಲನ್ನು ಒಂದು ಹೆಜ್ಜೆ ಮುಂದಿಡುತ್ತಾರೆ. ಆ ಗುರುತು ಆರುವ ಮೊದಲು ಅದರೊಳಗೆ ಇನ್ನೊಬ್ಬರು ಬರಿಗಾಲು ಇಟ್ಟರೆ, ತೊಳೆದವರ ಮೈಯ ದಣಿವೆಲ್ಲ ಇಟ್ಟವರಿಗೆ ಹೋಗುತ್ತದೆ. ಇಟ್ಟ ಪಾದ ಗುರುತಿನ ಒಳಗೆ ಅಡಗಬೇಕು. ಒಂದು ಬೆರಳು ಹೊರಗೆ ಚಾಚಿದರೂ ಆಗದು. ಯಾಕೆ ಹಾಗೆ ಎಂದು ಯಾರೂ ಕೇಳುವುದಿಲ್ಲ. ಹಾಲು ಯಾಕೆ ಮೊಸರಾಗುತ್ತದೆ ಎಂದು ಕೇಳುತ್ತೇವೆಯೇ? ಹಿಂದೆ ಗಂಡಂದಿರ ಹೆಜ್ಜೆಯನ್ನು ಹೆಂಡಂದಿರು ತುಳಿಯುತ್ತಿದ್ದರಂತೆ. ಆದರೆ ಹೆಂಡತಿ ದಣಿದು ಬಿದ್ದರೆ ರಾತ್ರಿಯ ಅಡುಗೆ ಯಾರು ಮಾಡಬೇಕು? ಹಾಗಾಗಿ ಇನ್ನೂ ಸಣ್ಣ ಪಾದಗಳನ್ನು ಹುಡುಕಿದರು. ಉಳ್ಳವರ ಮನೆಯಲ್ಲಿ ಇಲ್ಲದವರ ಮಗು ಬಂದು ಮಲಗಿತು. ಹೆಜ್ಜೆಗೆ ಇಟ್ಟ ಮಗು ಅನ್ನುತ್ತೇವೆ.

ನಮ್ಮೂರಿನ ಸಂಜೆ ಬಹಳ ಚೆಂದ. ಬೇರೆ ಊರಿನವರು ಬಂದು ಹೊಗಳುತ್ತಾರೆ. ಹಗಲೆಲ್ಲ ಚೀಲ ಹೊತ್ತವರು ಸಂಜೆ ಗರಡಿಗೆ ಹೋಗುತ್ತಾರೆ. ಕಲ್ಲು ಒಡೆಸಿದ ಕಂಟ್ರಾಕ್ಟರು ಹಾರ್ಮೋನಿಯಂ ಮುಂದೆ ಕೂತು ದನಿ ತೆಗೆಯುತ್ತಾನೆ. ಮುಖದಲ್ಲಿ ಒಂದು ಗೆರೆ ಇರುವುದಿಲ್ಲ. ಅದೇ ಹೊತ್ತಿಗೆ ಒಳಗಿನ ಕತ್ತಲ ಕೋಣೆಯಲ್ಲಿ ಒಂದು ಮಗು ಗೋಡೆ ಹಿಡಿದು ಚಾಪೆಯವರೆಗೆ ನಡೆದಿರುತ್ತದೆ. ಪಾದ ಬೆಳೆದು ಗುರುತಿನಲ್ಲಿ ಅಡಗದಷ್ಟಾದಾಗ ಮಗುವನ್ನು ಮನೆಗೆ ಕಳಿಸುತ್ತಾರೆ. ಹಾಗೆ ಬಂದವರು ಕೆರೆಯ ಕಟ್ಟೆಯ ಮೇಲೆ ಸಾಲಾಗಿ ಕೂತಿರುತ್ತಾರೆ. ಮೀಸೆ ಮೂಡುವ ವಯಸ್ಸು, ಏಳುವಾಗ ನೆಲಕ್ಕೆ ಎರಡೂ ಕೈ. ಇಂದಿನ ಹುಡುಗರು ಸೋಮಾರಿಗಳು ಎಂದು ಹಾರ್ಮೋನಿಯಂನವರು ಆಡಿಕೊಳ್ಳುತ್ತಾರೆ.

ಕಸ್ತೂರಿ ನನ್ನ ಗಿರಣಿಯ ಹಿಂದಿನ ಗುಡಿಸಿಲಿನ ಹುಡುಗಿ. ತಾಯಿ ಹಾಲವ್ವ ಕ್ವಾರಿಯಲ್ಲಿ ಕಲ್ಲು ಒಡೆಯುತ್ತಾಳೆ. ತಂದೆ ಎತ್ತ ಹೋದನೋ ಗೊತ್ತಿಲ್ಲ. ಸಣ್ಣವಳಿದ್ದಾಗ ಗಿರಣಿಯ ಹಿಟ್ಟಿನ ದೂಳಿನಲ್ಲಿ ಉರುಳಾಡಿ ಬಿಳಿ ಇಲಿಯಂತಾಗಿ ಎದ್ದು ಬರುತ್ತಿದ್ದಳು. ಕ್ವಾರಿಯಲ್ಲಿ ಮದ್ದು ಸಿಡಿಸುತ್ತಾರೆ, ಮಗುವನ್ನು ಜೊತೆಗೆ ಒಯ್ಯಲು ಹಾಲವ್ವನಿಗೆ ಅಂಜಿಕೆ. ಶೇಂಗಾ ವ್ಯಾಪಾರಿ ಶಾಂತವೀರಪ್ಪನ ಮನೆಯವರು ಕೇಳಿದಾಗ ಕೊಟ್ಟಳು. ಹೊಟ್ಟೆ ತುಂಬ ಊಟ, ಸುತ್ತ ಗಟ್ಟಿ ಗೋಡೆ, ಮಲಗುವುದು ಬಿಟ್ಟರೆ ಬೇರೆ ಕೆಲಸವಿಲ್ಲ ಎಂದು ಅವಳೇ ನನ್ನ ಮುಂದೆ ಸಂತೋಷದಿಂದ ಹೇಳಿದ್ದಳು. ಅವಳನ್ನು ನಾನು ಬೈಯುವುದಿಲ್ಲ. ಕಲ್ಲು ಸಿಡಿಯುವ ಜಾಗದಿಂದ ಮಗುವನ್ನು ದೂರ ಇಡಲು ಅವಳ ಕೈಗೆ ಸಿಕ್ಕ ದಾರಿ ಅದೊಂದೇ.

ನಾಗರಪಂಚಮಿಗೆ ಕಸ್ತೂರಿಯನ್ನು ತಾಯಿಯ ಹತ್ತಿರ ಕಳಿಸಿದ್ದರು. ಜೋಕಾಲಿ ಕಟ್ಟಿದ್ದೆವು. ಓಣಿಯ ಮಕ್ಕಳೆಲ್ಲ ಜೀಕುತ್ತಿದ್ದರೆ ಈ ಹುಡುಗಿ ಗಿರಣಿಯೊಳಗೆ ಬಂದು ಜೋಳದ ಚೀಲಕ್ಕೆ ಒರಗಿ ಕಣ್ಣು ಮುಚ್ಚಿದಳು. ಯಾಕವ್ವಾ, ಜ್ವರವೇ ಎಂದು ಹಣೆ ಮುಟ್ಟಿದೆ. ಹಣೆ ತಣ್ಣಗಿತ್ತು.

"ಆಯಿ, ನನ್ನೊಳಗ ನಾಕು ಮಂದಿ ಕುಂತಾರ," ಎಂದಳು.

ಯಾರು ಯಾರು ಎಂದು ಕೇಳಿದೆ. ತನ್ನ ಮೈಯನ್ನೇ ಬೆರಳಿನಿಂದ ತೋರಿಸುತ್ತ ಹೇಳಿದಳು. ಕಾಲಿನ ಮೀನಖಂಡದಲ್ಲಿ ಇರುವವರು ಯಜಮಾನರು, ದಿನವಿಡೀ ಅಂಗಡಿಯಲ್ಲಿ ನಿಂತಿರುತ್ತಾರೆ. ಸೊಂಟದಲ್ಲಿ ಹಿರಿಯ ಮಗ, ಗೋದಾಮಿನಲ್ಲಿ ಚೀಲ ಎತ್ತುತ್ತಾನೆ. ಭುಜದಲ್ಲಿ ಕಿರಿಯವನು. ತಲೆಯಲ್ಲಿ ಅಮ್ಮನವರು.

"ಅಮ್ಮಾರು ಏನೂ ಮಾಡಂಗಿಲ್ಲ. ಆದ್ರ ಅವರದ ಭಾಳ ಭಾರ," ಎಂದು ಹೇಳಿ ಹಾಗೇ ನಿದ್ದೆ ಹೋದಳು. ಹೊರಗೆ ಜೋಕಾಲಿಯ ಹಾಡು ನಡೆದೇ ಇತ್ತು.

ಮರುದಿನವೇ ನಾನು ಶಾಂತವೀರಪ್ಪನ ಮನೆಗೆ ಹೋದೆ. ಅವನ ಹೆಂಡತಿ ಅನಸೂಯಮ್ಮ ಕೆಟ್ಟ ಹೆಂಗಸಲ್ಲ. ಕಡುಬು ಕೊಟ್ಟಳು, ಹಾಲು ಕೊಟ್ಟಳು. ಹುಡುಗಿಯ ಮಾತು ತೆಗೆದಾಗ ಕೈ ಹಿಡಿದು ಒಳಗೆ ಕರೆದೊಯ್ದು, ಅವಳ ಹಾಸಿಗೆ ತೋರಿಸಿದಳು. ಹತ್ತಿಯ ಹಾಸಿಗೆ, ಹೂವಿನ ಚಾದರ.

"ಮಗಳಂಗ ಇಟ್ಟೀನಿ ಫಕೀರವ್ವಾ. ಒಂದ ವಾಟಗಾ ತೊಳಸಿಲ್ಲ ಆಕೀ ಕಡಿಂದ. ಸಂಜೀಕ ನಾಕು ಸಲ ಕಾಲು ಊರೋದು, ಮಲಗೋದು. ಅದಕ್ಕೂ ಕೆಲಸ ಅಂತಿಯೇನು?"

ಅಷ್ಟು ಹಗುರವಾದದ್ದಾದರೆ ನೀವೇ ಇಟ್ಟುಕೊಳ್ಳಿ ಎಂದೆ. ಅವಳು ನಕ್ಕಳು. ನಾನು ತಮಾಷೆ ಮಾಡಿದೆ ಎಂದು ನಿಜವಾಗಿ ತಿಳಿದಿದ್ದಳು.

ಇಲಾಖೆಗೆ ಹೇಳಿ ಕಳಿಸಿದೆ. ಬೋರ್ಡು ಕೊಟ್ಟ ಸಾಹೇಬರೇ ಬಂದರು. ಬೆಳಗಿನ ಹನ್ನೊಂದರ ಹೊತ್ತಿಗೆ ಹುಡುಗಿ ಹೂವಿನ ಚಾದರ ಹೊದ್ದು ಮಲಗಿದ್ದಳು. ಸಾಹೇಬರು ಮಂಡಿಯೂರಿ ಕೂತು, ಪ್ರೀತಿಯಿಂದಲೇ, ಈ ಮನೆಯಲ್ಲಿ ಏನು ಮಾಡುತ್ತೀಯಮ್ಮಾ ಎಂದು ಕೇಳಿದರು.

"ದಣೀತೀನ್ರಿ," ಎಂದಳು ಕಸ್ತೂರಿ.

ಸಾಹೇಬರು ನನ್ನ ಕಡೆ ತಿರುಗಿದರು. "ದಣಿಯೋದು ಕೆಲಸ ಅಲ್ಲಮ್ಮ. ಕೆಲಸ ಮಾಡಿದರೆ ದಣಿವು. ಮಾಡಿದ್ದು ಏನು, ಅದನ್ನು ತೋರಿಸಿ."

ತೋರಿಸಲು ಏನಿತ್ತು? ಸಂಜೆಯವರೆಗೆ ಕಾಯಿರಿ ಎಂದೆ. ಅವರಿಗೆ ಇನ್ನೊಂದು ಊರಿನ ಭಟ್ಟಿ ನೋಡುವುದಿತ್ತು. ಜೀಪು ಹತ್ತುವ ಮುನ್ನ, ನಿಮ್ಮಂಥ ಕಳಕಳಿಯವರು ಬೇಕು ಎಂದು ನನಗೆ ಕೈ ಮುಗಿದರು. ಅವರು ಕೈ ಮುಗಿದದ್ದು ಕಪಾಳಕ್ಕೆ ಹೊಡೆದಂತಾಯಿತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಸರ್ಕಾರ ಬಗ್ಗದಿದ್ದರೆ ಹೊಟ್ಟೆ ಬಗ್ಗೀತು ಎಂದುಕೊಂಡೆ. ಹೆಜ್ಜೆಗೆ ಮಗುವನ್ನು ಇಟ್ಟ ಯಾವ ಮನೆಯ ಕಾಳನ್ನೂ ನನ್ನ ಗಿರಣಿಯಲ್ಲಿ ಬೀಸುವುದಿಲ್ಲ ಎಂದು ಸಾರಿದೆ. ಊರಲ್ಲಿ ಗುಲ್ಲೆದ್ದಿತು. ಮುದುಕಿಗೆ ಸೊಕ್ಕು ಬಂದಿದೆ ಅಂದರು. ನಾನು ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತು, ಬಂದ ಡಬ್ಬಿಗಳನ್ನೆಲ್ಲ ಹಿಂದಕ್ಕೆ ಕಳಿಸಿದೆ. ರೊಟ್ಟಿ ಇಲ್ಲದೆ ಎಷ್ಟು ದಿನ ಹಾಡುತ್ತಾರೆ ನೋಡೋಣ ಎಂಬ ಹಟ.

ಅವರು ರೊಟ್ಟಿ ಬಿಡಲಿಲ್ಲ. ಅಟ್ಟದ ಮೇಲಿದ್ದ ಬೀಸುವ ಕಲ್ಲುಗಳನ್ನು ಇಳಿಸಿದರು. ನಸುಕಿಗೆ ಓಣಿ ಓಣಿಯಲ್ಲೂ ಗರಗರ ಸದ್ದು, ಅದರ ಜೊತೆಗೆ ಬೀಸುವ ಪದ. ಬಹಳ ದಿನದಿಂದ ಕೇಳದ ಪದಗಳು. ಮೊದಲ ದಿನ ನನಗೂ ಒಳ್ಳೆಯದೇ ಅನಿಸಿತು. ಪಾಳಿಗೆ ಬರುತ್ತಿದ್ದ ಇಮಾಂಬಿ ನನ್ನ ಬಾಗಿಲಿಗೆ ಬಂದು ನಿಲ್ಲುವವರೆಗೂ ನನಗೆ ಹೊಳೆಯಲೇ ಇಲ್ಲ. ಅವಳ ಮನೆಯಲ್ಲೂ ಹೆಜ್ಜೆಗೆ ಒಬ್ಬ ಹುಡುಗನಿದ್ದ, ಅವಳ ತಮ್ಮನ ಮಗ.

"ಫಕೀರವ್ವಾ, ಕಲ್ಲು ನಾ ತಿರವಾಕತ್ತೀನಿ. ರಟ್ಟಿ ಯಾರವು ಸೋಲಾಕತ್ತಾವು, ಕೇಳು," ಎಂದಳು.

ಗಿರಣಿಯ ಬಾಗಿಲು ತೆರೆದಿಟ್ಟೇ ಓಡಿದೆ. ಅನಸೂಯಮ್ಮನ ಮನೆಯಲ್ಲಿ ಕಸ್ತೂರಿಯನ್ನು ಹಿರಿಯ ಮಗ ಕಂಕುಳಲ್ಲಿ ಎತ್ತಿಕೊಂಡು ಹೊಸ್ತಿಲಿಗೆ ತರುತ್ತಿದ್ದ, ಕಾಲನ್ನು ಗುರುತಿನೊಳಗೆ ಒತ್ತಿಸಿ ಮತ್ತೆ ಒಳಗೆ ಒಯ್ಯುತ್ತಿದ್ದ. ಬೀಸುವ ಸೊಸೆಯ ರಟ್ಟೆನೋವು ದಿನಕ್ಕೆ ಎರಡು ಸಲ, ಅದರ ಮೇಲೆ ಎಂದಿನ ನಾಲ್ವರು. ಊರಿಗೆ ನಾನು ಹಾಕಿದ ಬರೆ ನೇರವಾಗಿ ಆ ಹುಡುಗಿಯ ಮೈ ಮೇಲೆ ಬಿದ್ದಿತ್ತು. ಈ ಊರಲ್ಲಿ ಯಾರನ್ನು ಹೊಡೆದರೂ ಏಟು ಹೋಗುವುದು ಒಂದೇ ಕಡೆಗೆ ಎಂದು ಗಿರಣಿಯಲ್ಲಿ ತಲೆ ಬೆಳ್ಳಗೆ ಮಾಡಿಕೊಂಡ ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ಅವತ್ತು ನನ್ನ ಮೇಲೆ ಬಂದಷ್ಟು ಸಿಟ್ಟು ನನಗೆ ಅವರ ಮೇಲೂ ಬಂದಿರಲಿಲ್ಲ.

ಹಾಲವ್ವ ಮಗಳನ್ನು ಮರಳಿ ಕೇಳಲು ಬಂದಿದ್ದಳು. ಪಡಸಾಲೆಯ ಕಂಬದ ಬಳಿ ನಿಂತಿದ್ದಳು, ಸೀರೆಯ ತುಂಬ ಕಲ್ಲಿನ ದೂಳು. ಶಾಂತವೀರಪ್ಪ ದನಿ ಏರಿಸಲಿಲ್ಲ. ತೂಕದ ಕಲ್ಲು ಇಡುವವನಂತೆ ಒಂದೊಂದೇ ಮಾತು ಇಟ್ಟ.

"ಒಯ್ಯಿ, ಬ್ಯಾಡ ಅನ್ನಂಗಿಲ್ಲ. ಇನ್ನೊಂದು ಕೂಸು ತಂದು ಬಿಟ್ಟು ಒಯ್ಯಿ. ಈಗ ಎತಗೊಂಡು ಹೋಗಿ ಎಲ್ಲಿಡ್ತೀ? ಎದ್ದು ನಿಲ್ಲಾಕ ಬರಂಗಿಲ್ಲ ಆಕೀಗೆ. ನೀ ಕ್ವಾರಿಗೆ ಹೋದ್ರ ನೀರು ಕೊಡಾವ್ರ್ಯಾರು?"

ಅವನ ಬಾಯಲ್ಲಿ ಅದೂ ದಯೆಯ ಮಾತಿನಂತೆಯೇ ಕೇಳಿಸಿತು. ಹಾಲವ್ವ ಕಂಬ ಬಿಟ್ಟು ಕದಲಲಿಲ್ಲ. ಇನ್ನೊಬ್ಬಳ ಮಗುವನ್ನು ತರಲು ಅವಳಿಂದಾಗದು, ತನ್ನದನ್ನು ಎತ್ತಿಕೊಳ್ಳಲೂ ಆಗದು. ದಿನಾ ಹೊಸ ಭಾರ ಬೀಳುತ್ತಿದ್ದರೆ ಆ ಹುಡುಗಿ ಸಂಕ್ರಾಂತಿ ಕಾಣುವುದಿಲ್ಲ ಎಂದು ನನ್ನ ಕಣ್ಣಿಗೆ ಕಾಣುತ್ತಿತ್ತು.

ನಾನು ಒಳಗೆ ಹೋಗಿ ಕಸ್ತೂರಿಯ ಕಾಲು ತಿಕ್ಕುತ್ತ ಕೂತೆ. ಪಾದ ಊದಿ ಮುದುಕಿಯ ಪಾದವಾಗಿತ್ತು; ಬೆರಳುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಹಾಸಿಗೆಯ ಪಕ್ಕ ಅನಸೂಯಮ್ಮನ ಚಪ್ಪಲಿ ಬಿದ್ದಿದ್ದವು. ಆ ಮನೆಗೆ ಸೊಸೆಯಾಗಿ ಬಂದಾಗ ಅವಳ ಪಾದ ನೋಡಲೆಂದೇ ಹೆಂಗಸರು ಹೋಗಿದ್ದರು. ಲಕ್ಷ್ಮಿಯ ಪಾದ, ಅಂಗೈಯಲ್ಲಿ ಹಿಡಿಯಬಹುದು ಎಂದು ಹೊಗಳಿದ್ದರು. ಒಂದು ಚಪ್ಪಲಿ ಎತ್ತಿ ಕಸ್ತೂರಿಯ ಅಂಗಾಲಿಗೆ ಹಿಡಿದೆ. ಊದುವ ಮೊದಲು ಅವಳ ಗುರುತಿನಲ್ಲಿ ಅಡಗುತ್ತಿದ್ದ ಹುಡುಗಿಯ ಪಾದ ಈಗ ಸುತ್ತಲೂ ಒಂದು ಬೆರಳು ಹೊರಗೆ ಚಾಚಿತ್ತು. ಚಪ್ಪಲಿಯನ್ನು ಇದ್ದಲ್ಲೇ ಇಟ್ಟು, ಹುಡುಗಿಯ ಹಣೆ ನೇವರಿಸಿ, ಮನೆಗೆ ಬಂದೆ.

ಮರುದಿನ ಹೊಸದಾಗಿ ಸಾರಿದೆ. ಎಲ್ಲರ ಕಾಳೂ ಬೀಸುತ್ತೇನೆ, ಆದರೆ ಮನೆಯ ಯಜಮಾನಿತಿಯೇ ಬರಬೇಕು, ಹೆಜ್ಜೆಯ ಮಗುವನ್ನು ಜೊತೆಗೆ ತರಬೇಕು, ನನ್ನ ಕಣ್ಣಿಗೆ ತೋರಿಸಬೇಕು. ಮುದುಕಿ ಸೋತಳು, ಮರ್ಯಾದೆ ಉಳಿಸಿಕೊಳ್ಳಲು ಒಂದು ನೆಪ ಹುಡುಕಿದ್ದಾಳೆ ಎಂದು ಊರು ನಕ್ಕಿತು. ನಗಲಿ ಎಂದು ಬಿಟ್ಟೆ. ಬೀಸಿ ಬೀಸಿ ಬೇಸತ್ತ ಹೆಂಗಸರು ಬೆಳಗಾಗುತ್ತಲೇ ಪಾಳಿ ಹಚ್ಚಿದರು.

ಗಿರಣಿಯ ಮುಂದೆ ಗಟಾರವಿದೆ. ಅದರ ಮೇಲೆ ಉದ್ದಕ್ಕೆ ಹಾಸಿದ ಒಂದು ಕರಿಕಲ್ಲು. ಒಬ್ಬರ ಹಿಂದೆ ಒಬ್ಬರು ಬರಬೇಕು, ಅಕ್ಕಪಕ್ಕ ಕಾಲಿಡಲು ಜಾಗವಿಲ್ಲ. ಹಿಟ್ಟು ಉಣ್ಣುವ ಪದಾರ್ಥ, ಕಾಲು ತೊಳೆಯದೆ ಯಾರೂ ಒಳಗೆ ಬರಬಾರದು ಎಂಬುದು ನನ್ನ ಗಂಡನ ಕಾಲದ ಕಟ್ಟಳೆ. ಅನಸೂಯಮ್ಮ ಕುದುರೆ ಗಾಡಿಯಿಂದ ಇಳಿದಳು. ಗಾಡಿಯವನು ಕಸ್ತೂರಿಯನ್ನು ಇಳಿಸಿ ಕಲ್ಲಿನ ತುದಿಗೆ ನಿಲ್ಲಿಸಿದ. ನಾನೇ ಚೆಂಬು ಹಿಡಿದು ಹುಡುಗಿಯ ಕಾಲಿಗೆ ನೀರು ಹಾಕಿದೆ, ಮುಂದಿನಿಂದ ಎರಡೂ ರಟ್ಟೆ ಹಿಡಿದು ಮೆಲ್ಲಗೆ ನಡೆಸಿಕೊಂಡು ಬಂದೆ. ಊದಿದ ಪಾದದ ಗುರುತುಗಳು ಕರಿಕಲ್ಲಿನ ಮೇಲೆ ಒಂದರ ಹಿಂದೊಂದು ಬಿದ್ದವು.

ನಮ್ಮ ಊರಿನಲ್ಲಿ ದೊಡ್ಡವರು ನೆಲ ನೋಡಿ ನಡೆಯುವುದಿಲ್ಲ. ಒದ್ದೆ ಹೆಜ್ಜೆ ಎಲ್ಲಿದೆ ಎಂದು ನೋಡುವುದು ಮಕ್ಕಳ ಪಾಡು. ಅನಸೂಯಮ್ಮ ಕಾಲಿಗೆ ನೀರು ಹಾಕಿಕೊಂಡು, ಸೀರೆಯ ನಿರಿಗೆ ಎತ್ತಿ ಹಿಡಿದು, ಪಾಳಿಯವರ ಕಡೆ ನಗುತ್ತ ಬಂದಳು. ಮೂರನೆಯ ಹೆಜ್ಜೆಗೆ ಅವಳ ಪುಟ್ಟ ಪಾದ ಕಸ್ತೂರಿಯ ಗುರುತಿನ ಒಳಗೆ ಪೂರ್ತಿ ಅಡಗಿತು.

ಅವಳು ಕೂಗಲಿಲ್ಲ. ನಗು ಮುಖದ ಮೇಲೆ ಹಾಗೇ ಇತ್ತು, ಅದನ್ನು ತೆಗೆಯಲೂ ಶಕ್ತಿ ಇಲ್ಲದವಳಂತೆ. ಮೊಣಕಾಲು ಮಡಚಿತು. ನಾನು ಹಿಡಿದು ಒಳಗೆ ತಂದು ಚೀಲದ ಮೇಲೆ ಕೂರಿಸಿದೆ. ಸೆರಗು ಜಾರಿತ್ತು, ಎಳೆದುಕೊಳ್ಳಲು ಕೈ ಎತ್ತಿದಳು, ಅರ್ಧಕ್ಕೆ ಕೈ ಬಿದ್ದುಹೋಯಿತು. ಇಮಾಂಬಿ ಎದ್ದು ಸೆರಗು ಸರಿ ಮಾಡಿದಳು. ನಾನು ನೀರು ಕುಡಿಸಿದೆ. ಸಿಟ್ಟು ಬೇರೆ, ನೀರು ಬೇರೆ.

ಕಸ್ತೂರಿ ತನ್ನ ಅಂಗೈಗಳನ್ನು ತಿರುಗಿಸಿ ನೋಡಿಕೊಳ್ಳುತ್ತಿದ್ದಳು. ಒಮ್ಮೆ ಕುಕ್ಕುರುಗಾಲಿನಲ್ಲಿ ಕೂತಳು, ಎದ್ದಳು. ಮತ್ತೆ ಕೂತಳು, ಮತ್ತೆ ಎದ್ದಳು.

ಅನಸೂಯಮ್ಮನ ಬಾಯಿಂದ ಬಂದ ಮೊದಲ ಮಾತು ಯಾವುದು ಗೊತ್ತೇ? ಯಾರದಾದರೂ ಒಂದು ಮಗುವನ್ನು ಕರೆತನ್ನಿ ಎಂದಳು. ಹುಡುಗಿಯ ಮೈಯಲ್ಲಿದ್ದದ್ದು ಏನು ಎಂದು ಮೂಳೆ ಮೂಳೆಗೂ ತಿಳಿದ ಮೇಲೆ, ಅವಳಿಗೆ ತೋಚಿದ್ದು ಅದು. ಪಾಳಿಯಲ್ಲಿದ್ದ ಹೆಂಗಸರು ತಾವು ತಂದ ಮಕ್ಕಳನ್ನು ಬೆನ್ನ ಹಿಂದೆ ಸರಿಸಿದರು. ಆ ಮಕ್ಕಳು ಈ ಹೆಂಗಸರ ಮನೆಯ ಹೊರೆ ಹೊರಬೇಕಲ್ಲ, ಅದಕ್ಕೆ. ನನಗೆ ಅವರೆಲ್ಲರ ಮುಖಕ್ಕೆ ಹಿಟ್ಟು ಎರಚಬೇಕೆನಿಸಿತು.

ಸುದ್ದಿ ತಿಳಿದು ಶಾಂತವೀರಪ್ಪ ಅಂಗಡಿ ಬಿಟ್ಟು ಬಂದ. ಕಸ್ತೂರಿಯನ್ನು ಮುಟ್ಟಲು ಹೋದ; ನಾನು ನಡುವೆ ನಿಂತೆ. ಅವಳ ಪಾದ ನಿನ್ನ ಹೆಂಡತಿಯದಕ್ಕಿಂತ ದೊಡ್ಡದು, ಒತ್ತಿದರೂ ಅಡಗುವುದಿಲ್ಲ ಎಂದೆ. ಅವನು ಒಂದು ಗಳಿಗೆ ಯೋಚಿಸಿ ಗಾಡಿಯಲ್ಲಿ ಮನೆಗೆ ಹೋಗಿ, ತನ್ನ ಮೊಮ್ಮಗಳು ಸ್ಫೂರ್ತಿಯನ್ನು ಕರೆತಂದ. ನಾಲ್ಕು ವರ್ಷದ ಕೂಸು, ಕಾಲಿಗೆ ಗೆಜ್ಜೆ. ಒಂದೇ ಸಲಕ್ಕೆ ಏನೂ ಆಗುವುದಿಲ್ಲ, ಎರಡು ದಿನ ಮಲಗಿದರೆ ಸರಿಹೋಗುತ್ತಾಳೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ತಾನೇ ಚೆಂಬು ತೆಗೆದುಕೊಂಡು ಹೆಂಡತಿಯ ಕಾಲಿಗೆ ನೀರು ಹಾಕಿ, ಪಾದವನ್ನು ಗಿರಣಿಯ ನೆಲಕ್ಕೆ ಒತ್ತಿ ತೆಗೆದ. ಸಣ್ಣ, ಚೊಕ್ಕ ಗುರುತು. ಆ ಕೂಸಿಗೆ ಅದು ಆಟ. ಕುಂಟಾಬಿಲ್ಲೆಯ ಮನೆಗೆ ಹಾರುವಂತೆ ಒಂದು ಕಾಲು ಎತ್ತಿ ನಿಂತಿತು.

ಸೆರಗು ಎಳೆದುಕೊಳ್ಳಲು ಏಳದ ಕೈ ಆಗ ಎದ್ದಿತು. ಅನಸೂಯಮ್ಮ ಚೀಲದಿಂದ ಜಾರಿ ನೆಲಕ್ಕೆ ಬಿದ್ದು, ಸೆರಗಿನಿಂದ ಆ ಗುರುತನ್ನು ಒರೆಸಿದಳು. ಒರೆಸಿ, ಒಣಗಿದ ಮೇಲೂ ಒರೆಸುತ್ತಿದ್ದಳು.

"ಯಾಕ, ಅದಕ್ಕೇನಾಗತೈತಿ?" ಎಂದ ಶಾಂತವೀರಪ್ಪ. "ಕಾಲು ಊರೋದು ಕೆಲಸೇನು?"

"ಕೆಲಸ," ಎಂದಳು ಅನಸೂಯಮ್ಮ.

ಬಿದ್ದವಳನ್ನು ತುಳಿಯಬಾರದು ಎಂದು ನನ್ನ ತಾಯಿ ಕಲಿಸಿದ್ದಳು. ಆದರೂ ಬಿಡಲಿಲ್ಲ. "ಜೋರಲೇ ಹೇಳ್ರಿ. ಹಿಂದ ಕುಂತವರಿಗೆ ಕೇಳಿಲ್ಲ," ಎಂದೆ.

ಅವಳು ನೆಲಕ್ಕೆ ಕೆನ್ನೆ ಒತ್ತಿಕೊಂಡೇ ಹೇಳಿದಳು. "ಕೆಲಸ ಐತಿ. ಇಷ್ಟು ಕೆಲಸ ನಾ ಹುಟ್ಟಿದಾಗಿಂದ ಮಾಡಿಲ್ಲ."

ಎಲ್ಲರೂ ನಂಬಿದರು. ಒಬ್ಬರೂ, ಅದು ಕೆಲಸ ಹೇಗಾಗುತ್ತದೆ ತೋರಿಸು ಎನ್ನಲಿಲ್ಲ. ನನ್ನ ಹೊಟ್ಟೆ ಉರಿದದ್ದು ಅಲ್ಲೇ. ಒಂಬತ್ತು ವರ್ಷದ ಹುಡುಗಿ ಸಾಹೇಬರ ಮುಖ ನೋಡಿ ಇದೇ ಮಾತು ಹೇಳಿದಾಗ ಅದು ಮಾತಾಗಿರಲಿಲ್ಲ. ಪಟ್ಟೆ ಸೀರೆಯವಳು ಹೇಳಿದಾಗ ಮಾತಾಯಿತು. ಮೊಮ್ಮಗಳ ಪಾದಕ್ಕೆ ಅಡ್ಡ ಬಂದ ಸೆರಗು ಕಸ್ತೂರಿಯ ಪಾದಕ್ಕೆ ಒಂದು ದಿನವೂ ಅಡ್ಡ ಬಂದಿರಲಿಲ್ಲ. ಅಡ್ಡ ಬಂದಿದ್ದು ಪುಣ್ಯವೆಂದು ನಾನು ಕೈ ಮುಗಿಯಬೇಕೇ? ಮುಗಿಯಲಿಲ್ಲ. ಅವಳನ್ನು ಎತ್ತಿ ಗಾಡಿಯಲ್ಲಿ ಕೂರಿಸಿದೆ, ಬಿಸಿ ಅಂಬಲಿ ಕುಡಿಸಿ ಎಂದು ಶಾಂತವೀರಪ್ಪನಿಗೆ ಹೇಳಿದೆ. ಅವನು ಹುಡುಗಿಯನ್ನು ಕೇಳಲಿಲ್ಲ. ನಾಲ್ಕು ಮಂದಿಯ ಭಾರ ಮನೆಯವಳ ಮೈಯಲ್ಲೇ ಇರುವಾಗ ಕೇಳಲು ಅವನಿಗೆ ಬಾಯಿ ಇರಲಿಲ್ಲ.

ನಾನು ಕಸ್ತೂರಿಗೆ, ಕ್ವಾರಿಯ ದಾರಿಗೆ ಹೋಗು, ನಿನ್ನವ್ವ ಊಟಕ್ಕೆ ಬರುವ ಹೊತ್ತಾಯಿತು ಎಂದೆ. ಅವಳು ಮೊದಲು ನಡೆದಳು. ಗಟಾರದ ಕಲ್ಲು ದಾಟಿದ ಮೇಲೆ ಓಡಿದಳು. ಬೆಳಿಗ್ಗೆ ಕ್ವಾರಿಗೆ ಹೋಗುವಾಗ ಹಾಲವ್ವ ಅವಳನ್ನು ನನ್ನಲ್ಲಿ ಬಿಟ್ಟು ಹೋಗಲಿ ಎಂದು ಆಗಲೇ ಮನಸ್ಸಿನಲ್ಲಿ ನಿಶ್ಚಯಿಸಿದ್ದೆ. ನನ್ನ ಕಣ್ಣ ಮುಂದೆ ಉಂಡು ಆಡಿಕೊಂಡಿರಲಿ.

ಇಮಾಂಬಿ ಬೀಸಿಸದೆಯೇ ಡಬ್ಬಿ ಎತ್ತಿಕೊಂಡಳು. ತಮ್ಮನ ಮಗನ ಕೈ ಹಿಡಿದಿದ್ದಳು. ಎಲ್ಲಿಗೆ ಎಂದು ಕೇಳಿದೆ. ಇವನನ್ನು ಇವನ ತಾಯಿಯ ಹತ್ತಿರ ಬಿಟ್ಟು ಬರುತ್ತೇನೆ, ರೊಟ್ಟಿ ಒಂದು ದಿನ ತಡವಾದರೆ ಯಾರೂ ಸಾಯುವುದಿಲ್ಲ ಎಂದಳು. ಅವಳ ಹಿಂದೆ ಇಬ್ಬರು ಎದ್ದರು. ಉಳಿದವರು ಏಳಲಿಲ್ಲ. ಪಾಳಿ ಬಿಟ್ಟರೆ ಮತ್ತೆ ಕೊನೆಗೆ ನಿಲ್ಲಬೇಕಾದೀತು ಎಂಬಂತೆ ಡಬ್ಬಿಗಳಿಗೆ ಆತುಕೊಂಡು ಕೂತರು. ಕಂಟ್ರಾಕ್ಟರನ ಹೆಂಡತಿ ಸುಶೀಲವ್ವ, ಮಗ್ಗುಲಲ್ಲಿ ಮಗುವೊಂದನ್ನು ಒರಗಿಸಿಕೊಂಡು, ನನ್ನದು ಕೊನೆಯ ಪಾಳಿ, ಬೀಸುತ್ತೀಯೋ ಇಲ್ಲವೋ ಎಂದು ಕೇಳಿದಳು.

ಬೀಸುತ್ತೇನೆ ಎಂದೆ. ಬೀಸದಿದ್ದರೆ ಅದು ಯಾರ ರಟ್ಟೆಗೆ ಹೋಗುತ್ತದೆ ಎಂದು ಕಲಿತಾಗಿತ್ತು. ಕೂತವರೆಲ್ಲರದನ್ನೂ ಬೀಸಿ, ಕೊನೆಗೆ ಅವಳ ಜೋಳದ ಹಿಟ್ಟು ತುಂಬಿ ಕೊಟ್ಟು, ಪಟ್ಟಾ ಇಳಿಸಿ ಗಿರಣಿ ನಿಲ್ಲಿಸಿದೆ. ಗೂಟಕ್ಕೆ ತೂಗು ಹಾಕಿದ್ದ ಒಣ ಅರಿವೆ ತೆಗೆದು ಹೆಗಲ ಮೇಲೆ ಹಾಕಿಕೊಂಡು ಅವಳ ಹಿಂದೆಯೇ ಹೊರಟೆ. ಓಣಿಯ ತಿರುವಿನಲ್ಲಿ ಅವಳು ನಿಂತಳು.

"ನೀ ಎಲ್ಲಿಗೆ ಬರಾಕತ್ತೀ?"

"ನಿನ್ನ ಮನೀಗೆ," ಎಂದೆ. "ಸಂಜೀಕ ಎಲ್ಲಾರೂ ಬಂದು ಕಾಲು ತೊಳೀರಿ. ನಾ ಹೊಸ್ತಲದಾಗ ಕುಂತು ಒರಸ್ತೀನಿ."